ಒಂದೇ ಡಿಸ್ಕಿನಲ್ಲಿ ಮೂರು ಓಎಸ್: ಎರಡು ಮಳೆಗಾಲ ದಾಟಿದ ನನ್ನ ವಿಧಾನ

"ಒಂದು ಡಿಸ್ಕಿಗೆ ಒಂದೇ ಓಎಸ್. ಲಿನಕ್ಸ್ ಬೇಕಿದ್ದರೆ ಇನ್ನೊಂದು ಡಿಸ್ಕ್ ಹಾಕು." ಮಡಿಕೇರಿಯಿಂದ ಗೋಣಿಕೊಪ್ಪದವರೆಗೆ ಈ ಕೆಲಸ ಬಲ್ಲವರು ಬಹಳ ಮಂದಿ ನನಗೆ ಹೇಳಿದ್ದು ಇದನ್ನೇ. ಓಎಸ್ ಎಂದರೆ ವಿಂಡೋಸ್, ಲಿನಕ್ಸ್‌ನಂತೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ವಿಂಡೋಸ್‌ನ ಒಂದು ದೊಡ್ಡ ಅಪ್‌ಡೇಟ್ ಬಂದರೆ ಗ್ರಬ್ (ಆನ್ ಮಾಡಿದಾಗ ಲಿನಕ್ಸನ್ನು ಏಳಿಸುವ ತಂತ್ರಾಂಶ) ಮಾಯ, ಮಳೆಗಾಲದಲ್ಲಿ ನಾಲ್ಕು ಸಲ ಕರೆಂಟು ಹೋದರೆ ಉಳಿದದ್ದೂ ಮಾಯ ಎಂಬ ಲೆಕ್ಕ ಅವರದು. ಈಗ ಹದಿನಾಲ್ಕೋ ಹದಿನೈದೋ ಯಂತ್ರಗಳಲ್ಲಿ ವಿಂಡೋಸ್, ಲಿನಕ್ಸ್‌ನ ಎರಡು ಬಗೆಗಳಾದ ಮಿಂಟ್ ಮತ್ತು ಡೆಬಿಯನ್, ಹೀಗೆ ಮೂರೂ ಒಂದೇ 256 ಜಿಬಿ ಎಸ್‌ಎಸ್‌ಡಿಯಲ್ಲಿ ನಡೆಯುತ್ತಿವೆ. ಎರಡು ಮಳೆಗಾಲ ಕಳೆದಿದೆ. ಮತ್ತೆ ಮೊದಲಿನಿಂದ ಇನ್‌ಸ್ಟಾಲ್ ಮಾಡಬೇಕಾದದ್ದು ಒಂದೇ ಯಂತ್ರ, ಅದೂ ಎಸ್‌ಎಸ್‌ಡಿಯೇ ಸತ್ತದ್ದರಿಂದ.

ಇಲ್ಲಿ ವಿಂಡೋಸ್ ತೆಗೆದೇ ಹಾಕಿ ಎನ್ನುವಂತಿಲ್ಲ. ಕಾಫಿ ತೋಟದ ಲೆಕ್ಕವೆಲ್ಲ ಟ್ಯಾಲಿಯಲ್ಲಿದೆ, ಹಳೆಯ ಕಡತಗಳು ನುಡಿ ತಂತ್ರಾಂಶದಲ್ಲಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಯಂತ್ರಗಳಿಗೆ 11ರ ದಾರಿಯೂ ಸಲೀಸಲ್ಲ. ಹಾಗಾಗಿ ವಿಂಡೋಸ್ ಲೆಕ್ಕಕ್ಕೆ ಮಾತ್ರ, ನೆಟ್ ಜೋಡಿಸದೆ. ಬ್ಯಾಂಕು, ಮೇಲ್, ಮಕ್ಕಳ ಓದು ಮಿಂಟ್‌ನಲ್ಲಿ. ಡೆಬಿಯನ್ ಇರುವುದು ದುರಸ್ತಿಗೆ: ಬೇರೆ ಎರಡರಲ್ಲಿ ಯಾವುದು ಕೆಟ್ಟರೂ ಪೆನ್‌ಡ್ರೈವ್ ಹುಡುಕದೆ ಅದರೊಳಗಿನಿಂದಲೇ ಸರಿಮಾಡಬಹುದು.

ವಿಧಾನದ ತಿರುಳು ಇಷ್ಟೇ. ಒಂದು ಓಎಸ್ ಇನ್ನೊಂದರ ಬೂಟ್‌ಲೋಡರನ್ನು (ಓಎಸ್ ಏಳಿಸುವ ತಂತ್ರಾಂಶವನ್ನು) ಹುಡುಕಲೂ ಬಾರದು, ಮುಟ್ಟಲೂ ಬಾರದು. ಮೂರಕ್ಕೂ ಇಎಸ್‌ಪಿಯಲ್ಲಿ (ಬೂಟ್ ಕಡತಗಳಿಗೆಂದೇ ಇರುವ ಪುಟ್ಟ ಪಾರ್ಟಿಶನ್, ಅಂದರೆ ಡಿಸ್ಕಿನ ಒಂದು ಭಾಗ) ತಮ್ಮದೇ ಫೋಲ್ಡರ್, ಅವುಗಳ ಮೇಲೆ ರೀಫೈಂಡ್ ಎಂಬ ಬೂಟ್ ಮೆನು. ಅದು ಬರೀ ಕೈತೋರಿಸುವ ಕೆಲಸ ಮಾಡುತ್ತದೆ.

ಮೊದಮೊದಲು ನಾನೂ ಎಲ್ಲರಂತೆ ಓಎಸ್-ಪ್ರೋಬರ್ (ಬೇರೆ ಓಎಸ್‌ಗಳನ್ನು ಹುಡುಕಿ ಗ್ರಬ್ ಮೆನುವಿಗೆ ಸೇರಿಸುವ ಸಾಧನ) ನಂಬಿದ್ದೆ. ಗ್ರಬ್ 2.06ರಿಂದ ಅದು ತಾನಾಗಿ ಓಡುವುದಿಲ್ಲ. ಎಲ್ಲರೂ ಮೊದಲು ಮಾಡುವುದು ಡೀಫಾಲ್ಟ್ ಗ್ರಬ್ ಕಡತದಲ್ಲಿ ಅದನ್ನು ಮತ್ತೆ ಚಾಲೂ ಮಾಡುವುದು. ಮಾಡಬೇಡಿ. ಡೆಬಿಯನ್‌ನ ಪ್ರೋಬರ್ ಮಿಂಟ್‌ನ ಕರ್ನಲ್ (ಓಎಸ್‌ನ ತಿರುಳಾದ ಕಡತ) ಹೆಸರನ್ನು ಆ ದಿನ ಇದ್ದಂತೆ ತನ್ನ ಮೆನುವಿಗೆ ನಕಲು ಮಾಡಿಕೊಳ್ಳುತ್ತದೆ. ಮಿಂಟ್ ನಾಲ್ಕಾರು ಅಪ್‌ಡೇಟ್ ಪಡೆದು ಹಳೆಯ ಕರ್ನಲ್ ಅಳಿಸಿದ ಮೇಲೂ ಡೆಬಿಯನ್ ಮೆನುವಿನಲ್ಲಿ ಹಳೆಯ ಹೆಸರೇ ಕೂತಿರುತ್ತದೆ. ಒತ್ತಿದರೆ "ಫೈಲ್ ನಾಟ್ ಫೌಂಡ್", ಅದರ ಕೆಳಗೆ "ಯು ನೀಡ್ ಟು ಲೋಡ್ ದ ಕರ್ನಲ್ ಫಸ್ಟ್". ಮನೆಯವರ ಕಣ್ಣಿಗೆ ಅದು "ಕಂಪ್ಯೂಟರ್ ಹೋಯಿತು". ಈ ಒಂದೇ ಕಾರಣಕ್ಕೆ ನಾಪೋಕ್ಲು ಕಡೆಗೆ ಮೂರು ಸಲ ಓಡಿದ್ದೇನೆ. ಪೆಟ್ರೋಲೇ ಏಳೆಂಟು ನೂರು ರೂಪಾಯಿ ಆಗಿರಬೇಕು. ಈಗ ಎರಡೂ ಲಿನಕ್ಸ್‌ನಿಂದ ಓಎಸ್-ಪ್ರೋಬರ್ ಪ್ಯಾಕೇಜನ್ನೇ ತೆಗೆದುಹಾಕುತ್ತೇನೆ.

ಎರಡನೇ ಪೆಟ್ಟು ಇಎಸ್‌ಪಿಯ ಗಾತ್ರದ್ದು. ವಿಂಡೋಸ್ ತಾನೇ ಮಾಡಿಕೊಳ್ಳುವುದು ಸಾಮಾನ್ಯವಾಗಿ 100 ಎಂಬಿ. ಮೂರು ಬೂಟ್‌ಲೋಡರ್ ಅದರಲ್ಲಿ ಹಿಡಿಯುತ್ತವೆ ನಿಜ, ಆದರೆ ಫರ್ಮ್‌ವೇರ್ (ಯಂತ್ರದೊಳಗೇ ಇರುವ ಮೂಲ ತಂತ್ರಾಂಶ) ಅಪ್‌ಡೇಟ್ ಕಡತಗಳು ಬಂದು ಕೂತರೆ ಉಸಿರಾಡಲು ಜಾಗವಿರುವುದಿಲ್ಲ. ಅದರ ಪಕ್ಕಕ್ಕೇ ವಿಂಡೋಸ್ ತನಗೆಂದು ಕಾದಿಟ್ಟ 16 ಎಂಬಿಯ ಎಂಎಸ್‌ಆರ್ ಪಾರ್ಟಿಶನ್, ಆಮೇಲೆ ಸಿ ಡ್ರೈವ್ ಇರುವುದರಿಂದ ಅದನ್ನು ಹಿಗ್ಗಿಸಲೂ ಆಗದು. ನಾನು ಮಾಡುವುದು: ಹೈಬರ್ನೇಶನ್, ಪೇಜ್‌ಫೈಲ್, ಸಿಸ್ಟಮ್ ಪ್ರೊಟೆಕ್ಷನ್ ಮೂರನ್ನೂ ನಿಲ್ಲಿಸಿ ಸಿ ಡ್ರೈವ್ ಕುಗ್ಗಿಸುವುದು. ಇವನ್ನು ನಿಲ್ಲಿಸದಿದ್ದರೆ ಅಲುಗಾಡದ ಕಡತಗಳು ಮಧ್ಯೆ ಕೂತು, 120 ಜಿಬಿ ಖಾಲಿಯಿದ್ದರೂ ಕುಗ್ಗಿಸಲು 15 ಜಿಬಿ ಮಾತ್ರ ಎನ್ನುತ್ತದೆ. ಸಿಕ್ಕ ಜಾಗದಲ್ಲಿ ವಿಂಡೋಸ್‌ನದೇ ಡಿಸ್ಕ್‌ಪಾರ್ಟ್ ಆಜ್ಞೆಯಿಂದ 1024 ಎಂಬಿಯ ಹೊಸ ಇಎಫ್‌ಐ ಪಾರ್ಟಿಶನ್, ಫ್ಯಾಟ್32 ಫಾರ್ಮ್ಯಾಟ್, ಅದಕ್ಕೆ ಝಡ್ ಅಕ್ಷರ. ಆಮೇಲೆ ಬಿಸಿಡಿಬೂಟ್ ಆಜ್ಞೆಗೆ ಸಿ ಡ್ರೈವಿನ ವಿಂಡೋಸ್ ಫೋಲ್ಡರನ್ನೂ ಗುರಿಯಾಗಿ ಝಡ್ ಡ್ರೈವನ್ನೂ ಕೊಟ್ಟು, ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಮಾದರಿ ಎಂದು ಹೇಳಿದರೆ ವಿಂಡೋಸ್‌ನ ಬೂಟ್ ಕಡತಗಳು ಹೊಸ ಮನೆಗೆ ಬರುತ್ತವೆ. ಒಂದು ಸಲ ಬೂಟ್ ಮಾಡಿ ನೋಡಿಯೇ ಮುಂದಿನ ಹೆಜ್ಜೆ.

ಹಳೆಯ ಇಎಸ್‌ಪಿಯನ್ನು ಅಳಿಸುವುದಿಲ್ಲ, ಜಿಪಾರ್ಟೆಡ್ ಎಂಬ ಪಾರ್ಟಿಶನ್ ಸಾಧನದಲ್ಲಿ ಅದರ ಬೂಟ್ ಮತ್ತು ಇಎಸ್‌ಪಿ ಫ್ಲ್ಯಾಗ್ ಮಾತ್ರ ತೆಗೆಯುತ್ತೇನೆ. ಇದನ್ನು ಮರೆತರೆ ಮಿಂಟ್‌ನ ಇನ್‌ಸ್ಟಾಲರ್ ನೀವು ಕೆಳಗಿನ ಪಟ್ಟಿಯಲ್ಲಿ ಏನೇ ಆರಿಸಿದರೂ ಮೊದಲು ಕಂಡ ಇಎಸ್‌ಪಿಯಲ್ಲೇ ಗ್ರಬ್ ಸುರಿಯುತ್ತದೆ. ಹೊರಗಿನ ಯುಎಸ್‌ಬಿ ಎಸ್‌ಎಸ್‌ಡಿಗೆ ಹಾಕುವವರೂ ಇದೇ ಗುಂಡಿಗೆ ಬೀಳುತ್ತಾರೆ: ಡಿಸ್ಕ್ ಕಿತ್ತರೆ ಲ್ಯಾಪ್‌ಟಾಪ್ ಗ್ರಬ್ ರೆಸ್ಕ್ಯೂ ಎಂಬ ಕಪ್ಪು ಪರದೆಗೆ ಬಂದು ನಿಲ್ಲುತ್ತದೆ.

ಉಬುಂಟು (ಮಿಂಟ್‌ಗೆ ತಳಪಾಯವಾದ ಲಿನಕ್ಸ್) ಮತ್ತು ಮಿಂಟ್ ಜೊತೆಯಾಗಿ ಹಾಕಬೇಡಿ. ಮಿಂಟ್ ಕೂಡ ಇಎಸ್‌ಪಿಯಲ್ಲಿ "ಉಬುಂಟು" ಹೆಸರಿನ ಫೋಲ್ಡರನ್ನೇ ಬಳಸುತ್ತದೆ, ಕೊನೆಗೆ ಹಾಕಿದ್ದು ಮೊದಲಿನದನ್ನು ತುಳಿಯುತ್ತದೆ. ಬೂಟ್‌ಲೋಡರ್ ಐಡಿ ಬದಲಿಸಿ ತಪ್ಪಿಸಿಕೊಳ್ಳೋಣವೆಂದರೆ ಸಹಿ ಇರುವ ಗ್ರಬ್ ತನ್ನ ಸಂರಚನೆಯನ್ನು ಹುಡುಕುವುದು ಆ ಹಳೆಯ ಫೋಲ್ಡರಿನಲ್ಲೇ. ಒಂದು ಇಡೀ ಭಾನುವಾರ ಇದಕ್ಕೆ ಹೋಯಿತು. ಮಿಂಟ್ ಜೊತೆ ಡೆಬಿಯನ್ ಇಟ್ಟರೆ ಈ ತಂಟೆಯೇ ಇಲ್ಲ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಸಾಮಾನ್ಯವಾಗಿ ಡಿಸ್ಕನ್ನು ತನ್ನ ಹಿಡಿತದಲ್ಲಿಡುವ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ಚಾಲೂ ಇದೆ ಎಂದರ್ಥ. ಬಯಾಸ್‌ನಲ್ಲಿ ನೇರವಾಗಿ ಡಿಸ್ಕಿನ ಮಾಮೂಲಿ ಮೋಡ್ ಆದ ಎಎಚ್‌ಸಿಐಗೆ ತಿರುಗಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ. ಮೊದಲು ವಿಂಡೋಸ್‌ನ ಬೂಟ್ ಸೆಟ್ಟಿಂಗ್ ಬದಲಿಸುವ ಬಿಸಿಡಿಎಡಿಟ್‌ನಲ್ಲಿ ಸೇಫ್‌ಬೂಟ್ ಮಿನಿಮಲ್ ಹಾಕಿ, ರೀಸ್ಟಾರ್ಟ್ ಆಗುವಾಗ ಬಯಾಸ್‌ಗೆ ಹೋಗಿ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಏಳಿಸಿ, ಆ ಸೇಫ್‌ಬೂಟ್ ಮೌಲ್ಯ ಅಳಿಸಿ. ಹತ್ತು ನಿಮಿಷದ ಕೆಲಸ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಇದಕ್ಕೂ ಮೊದಲು 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದುಕೊಂಡಿರಬೇಕು. ಅಂಥ ಯಂತ್ರಗಳಿಗೆ ನಾನು ರೀಫೈಂಡ್ ಹಾಕುವುದಿಲ್ಲ, ಸೆಕ್ಯೂರ್ ಬೂಟ್ (ಸಹಿ ಇರುವ ಬೂಟ್‌ಲೋಡರನ್ನು ಮಾತ್ರ ಒಪ್ಪುವ ಭದ್ರತೆ) ಮುಟ್ಟುವುದಿಲ್ಲ. ಶಿಮ್ (ಲಿನಕ್ಸ್‌ಗಾಗಿ ಸಹಿ ಪಡೆದ ಮೊದಲ ಬೂಟ್‌ಲೋಡರ್) ಮೂಲಕ ವಿಂಡೋಸ್ ಏಳಿಸಿದರೆ ಟಿಪಿಎಂನ ಅಳತೆ ಬದಲಾಗಿ ಕೀ ಕೇಳುತ್ತದೆ. ಅಲ್ಲಿ ಎಫಿಬೂಟ್‌ಎಂಜಿಆರ್‌ನ ಬೂಟ್‌ನೆಕ್ಸ್ಟ್ (ಮುಂದಿನ ಒಂದು ಸಲ ಯಾವುದನ್ನು ಏಳಿಸಬೇಕೆಂದು ಹೇಳುವ ಆಯ್ಕೆ) ಬಳಸಿ ಡೆಸ್ಕ್‌ಟಾಪ್ ಮೇಲೆ "ವಿಂಡೋಸ್‌ಗೆ ಹೋಗು" ಎಂಬ ಒಂದು ಐಕಾನ್ ಇಟ್ಟರೆ ಸಾಕು. "ಶಿಮ್ ಎಸ್‌ಬ್ಯಾಟ್ ಡೇಟಾ ಫೇಲ್ಡ್" ಎಂದು ನಿಂತರೆ ಪೆನ್‌ಡ್ರೈವಿನಲ್ಲಿರುವ ಐಎಸ್‌ಓ (ಇನ್‌ಸ್ಟಾಲ್ ಕಡತ) ಹಳೆಯದು. 2024ರ ಆಗಸ್ಟ್ ನಂತರ ಇದನ್ನು ಕಂಡವರು ಬಹಳ. ಹೊಸ ಐಎಸ್‌ಓ ಹಾಕಿದರೆ ಮುಗಿಯಿತು.

ಇನ್ನು ಕೊಡಗಿನದೇ ಸಮಸ್ಯೆಗಳಿಗೆ ಬರುತ್ತೇನೆ. ಹೊರಗಿನ ಮಾರ್ಗದರ್ಶಿಗಳಲ್ಲಿ ಇವು ಸಿಗುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಲೈನ್ ಹೋದರೆ ಒಂದು ದಿನವೂ ಆಗಬಹುದು, ನಾಲ್ಕು ದಿನವೂ ಆಗಬಹುದು. ಹಳೆಯ ಡೆಸ್ಕ್‌ಟಾಪಿನ ಸಿಎಂಓಎಸ್ ಬ್ಯಾಟರಿ (ಬಯಾಸ್ ಸೆಟ್ಟಿಂಗ್ ಮತ್ತು ತಾರೀಖು ಉಳಿಸುವುದು) ಸತ್ತಿದ್ದರೆ ಕರೆಂಟು ಬಂದಾಗ ಬಯಾಸ್ ಹುಟ್ಟಿದ ದಿನದಂತೆ ಇರುತ್ತದೆ. ಡಿಸ್ಕಿನ ಸಾಟಾ ಮೋಡ್ ಎಎಚ್‌ಸಿಐಯಿಂದ ಮತ್ತೆ ರೈಡ್‌ಗೆ, ತಾರೀಖು ಹತ್ತು ವರ್ಷ ಹಿಂದಕ್ಕೆ. ಕೆಲವು ಬೋರ್ಡ್‌ಗಳಲ್ಲಿ ಬೂಟ್ ನಮೂದುಗಳೂ ಹೋಗುತ್ತವೆ. ತಾರೀಖು ತಪ್ಪಿದರೆ ಬ್ರೌಸರ್ ಯಾವ ಬ್ಯಾಂಕನ್ನೂ ನಂಬುವುದಿಲ್ಲ, ಲಿನಕ್ಸ್‌ನಲ್ಲಿ ಪ್ಯಾಕೇಜ್ ಇಳಿಸುವ ಆಪ್ಟ್ "ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್" ಎನ್ನುತ್ತದೆ. ಲಿನಕ್ಸ್ ಕೆಟ್ಟಿತೆಂದು ನನ್ನ ಬಳಿ ಬಂದ ಯಂತ್ರಗಳಲ್ಲಿ ಅರ್ಧಕ್ಕರ್ಧ ಈ 40 ರೂಪಾಯಿಯ ಸಿಆರ್2032 ಬ್ಯಾಟರಿಯದೇ ದೋಷ. ಈಗ ಇನ್‌ಸ್ಟಾಲ್‌ಗೆ ಕೂರುವ ಮೊದಲೇ ಹೊಸದು ಹಾಕುತ್ತೇನೆ, ಕೇಳುವುದೂ ಇಲ್ಲ.

ಬೂಟ್ ನಮೂದುಗಳು ಹೋದಾಗ ಫರ್ಮ್‌ವೇರ್ ಹುಡುಕುವುದು ಇಎಫ್‌ಐ ಒಳಗಿನ ಬೂಟ್ ಫೋಲ್ಡರಿನ ಬೂಟ್‌ಎಕ್ಸ್64 ಕಡತವನ್ನು. ಹಾಗಾಗಿ ರೀಫೈಂಡ್-ಇನ್‌ಸ್ಟಾಲ್ ಅನ್ನು ಎರಡು ಸಲ ಓಡಿಸುತ್ತೇನೆ: ಒಮ್ಮೆ ಮಾಮೂಲಿ, ಇನ್ನೊಮ್ಮೆ "ಯೂಸ್‌ಡೀಫಾಲ್ಟ್" ಆಯ್ಕೆಯೊಂದಿಗೆ. ಡೆಬಿಯನ್‌ನಲ್ಲಿ ಗ್ರಬ್ ಪ್ಯಾಕೇಜನ್ನು ಡಿಪಿಕೆಜಿ-ರೀಕಾನ್ಫಿಗರ್ ಮಾಡಿ, ರಿಮೂವಬಲ್ ಮಾರ್ಗಕ್ಕೂ (ಮೇಲೆ ಹೇಳಿದ ಬೂಟ್‌ಎಕ್ಸ್64 ಜಾಗ) ಹಾಕಲೇ ಎಂದು ಕೇಳಿದರೆ ಇಲ್ಲ, ಎನ್‌ವಿರ‍್ಯಾಮ್ (ಬೂಟ್ ನಮೂದುಗಳು ಉಳಿಯುವ ಜಾಗ) ಬದಲಿಸಲೇ ಎಂದರೂ ಇಲ್ಲ ಎನ್ನಬೇಕು. ಈ ಎರಡು "ಇಲ್ಲ"ಗಳಿಂದಲೇ ಡೆಬಿಯನ್ ಮಿಕ್ಕವರ ಸರದಿಗೆ ಅಡ್ಡಬರುವುದು ನಿಂತಿತು. ವಿಂಡೋಸ್ ಅಪ್‌ಡೇಟ್ ಆದ ಮೇಲೆ ತಾನೇ ಮೊದಲು ನಿಂತರೆ, ವಿಂಡೋಸ್ ಒಳಗಿನಿಂದಲೇ ಬಿಸಿಡಿಎಡಿಟ್‌ನಲ್ಲಿ ಬೂಟ್‌ಎಂಜಿಆರ್‌ನ ಪಾಥ್ ರೀಫೈಂಡ್ ಕಡತಕ್ಕೆ ತಿರುಗಿಸಿದರೆ ಸರಿಹೋಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳು ಇದಕ್ಕೂ ಬಗ್ಗುವುದಿಲ್ಲ. ಅಂಥವಕ್ಕೆ ನಾನು ಬರೆದಿಟ್ಟ ಹದಿನೆಂಟು ಸಾಲಿನ ಸ್ಕ್ರಿಪ್ಟ್ ಒಂದಿದೆ, ಪ್ರತಿ ಶಟ್‌ಡೌನ್‌ನಲ್ಲಿ ಓಡುತ್ತದೆ. ಅದನ್ನು ಇಲ್ಲಿ ಹಾಕುವುದಿಲ್ಲ. ಅದರಿಂದಲೇ ನನಗೆ ನಾಲ್ಕು ಕೆಲಸ ಸಿಗುತ್ತವೆ.

ಕರೆಂಟು ಹೋದಾಗ ವಿಂಡೋಸ್ ನಡೆಯುತ್ತಿದ್ದರೆ ಲಿನಕ್ಸ್ ಜೊತೆ ಹಂಚಿಕೊಂಡ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಕಡತ ವ್ಯವಸ್ಥೆ) ಡ್ರೈವ್ ಕೊಳೆಯಾಗುತ್ತದೆ, ಅಂದರೆ ಸರಿಯಾಗಿ ಮುಚ್ಚಿಲ್ಲ ಎಂಬ ಗುರುತು ಉಳಿಯುತ್ತದೆ. ಆಗ ಮಿಂಟ್ ಅದನ್ನು ಮೌಂಟ್ ಮಾಡಲು ಒಪ್ಪದೆ ಎಮರ್ಜೆನ್ಸಿ ಮೋಡ್‌ಗೆ ಬಿದ್ದು ರೂಟ್ ಪಾಸ್‌ವರ್ಡ್ ಕೇಳಬಹುದು. ಡ್ರೈವ್‌ಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಆ ಡ್ರೈವಿನ ಸಾಲಿಗೆ ನೋಫೇಲ್ ಸೇರಿಸಿ. ಡ್ರೈವ್ ತೊಳೆಯುವುದು ವಿಂಡೋಸ್‌ನ ಚೆಕ್‌ಡಿಸ್ಕ್‌ನಲ್ಲೇ. ಎನ್‌ಟಿಎಫ್‌ಎಸ್‌ಫಿಕ್ಸ್ ಕೊಳೆಯ ಗುರುತನ್ನು ಒರೆಸುತ್ತದೆಯೇ ಹೊರತು ಕೊಳೆಯನ್ನಲ್ಲ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಲೇಬೇಕೆಂದು ನಿಮಗೆ ಹೇಳಬೇಕಿಲ್ಲ.

ಅಪ್‌ಡೇಟ್ ನಡುವೆ ಕರೆಂಟು ಹೋಗಿ ಕರ್ನಲ್ ಪ್ಯಾನಿಕ್ ಆದರೆ ಏಳುವಾಗ ಕರ್ನಲ್‌ಗೆ ಬೇಕಾದ, ಅರ್ಧ ಬರೆದ ಇನಿಟ್‌ರ‍್ಯಾಮ್‌ಎಫ್‌ಎಸ್ ಕಾರಣ. ಅಡ್ವಾನ್ಸ್ಡ್ ಮೆನುವಿನಿಂದ ಹಿಂದಿನ ಕರ್ನಲ್ ಏಳಿಸಿ ಡಿಪಿಕೆಜಿ ಕಾನ್ಫಿಗರ್, ಆಮೇಲೆ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್. ಇದಕ್ಕಾಗಿಯೇ ಎರಡು ಕರ್ನಲ್ ಸದಾ ಉಳಿಸುತ್ತೇನೆ. ಇನ್‌ಸ್ಟಾಲ್ ನಡುವೆ ಕರೆಂಟು ಹೋದರೆ ಮತ್ತೆ ಶುರುಮಾಡಿದರಾಯಿತು. ಸಿ ಡ್ರೈವ್ ಕುಗ್ಗಿಸುವಾಗ ಹೋದರೆ ಮಾತ್ರ ದೇವರೇ ಗತಿ. 600 ವಿಎ ಯುಪಿಎಸ್‌ಗೆ 2,800 ರೂಪಾಯಿ ಕೊಟ್ಟದ್ದು ಆ ಇಪ್ಪತ್ತು ನಿಮಿಷಕ್ಕಾಗಿ.

ಮಳೆಗಾಲದಲ್ಲಿ ಕಡತ ನಕಲಾಗುವಾಗ "ಇನ್‌ಪುಟ್ ಔಟ್‌ಪುಟ್ ಎರರ್" ಬಂದರೆ ಎಲ್ಲರೂ ಪೆನ್‌ಡ್ರೈವ್ ಬದಲಿಸುತ್ತಾರೆ. ಇಳಿಸಿದ ಕಡತದ ಪರೀಕ್ಷಾ ಸಂಖ್ಯೆ ಶಾ256 ಸರಿಯಿದ್ದು, ಎರಡನೇ ಪೆನ್‌ಡ್ರೈವಿನಲ್ಲೂ ಬೇರೆಬೇರೆ ಜಾಗದಲ್ಲಿ ನಿಂತರೆ ರ‍್ಯಾಮ್ ತೆಗೆದು ನೋಡಿ. ನಮ್ಮ ತೇವಕ್ಕೆ ಅದರ ಕಾಲುಗಳು ಮಂಕಾಗಿರುತ್ತವೆ. ಬಿಳಿ ರಬ್ಬರಿನಿಂದ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಮೆಮ್‌ಟೆಸ್ಟ್ ಒಂದು ಸುತ್ತು ಓಡಿಸಿ.

ಸಿಗ್ನಲ್ ಇಲ್ಲದ ತೋಟದ ಮನೆಗಳಿಗೆ ಡೆಬಿಯನ್‌ನ ಡಿವಿಡಿ-1 ಒಯ್ಯುವುದು ಲೇಸು. ಹೆಚ್ಚಿನದನ್ನು ನೆಟ್‌ನಿಂದ ಇಳಿಸುವ ನೆಟ್‌ಇನ್‌ಸ್ಟ್ ಅಲ್ಲಿ ಬರೀ ಕಪ್ಪು ಪರದೆಯ ಕನ್ಸೋಲ್ ಬಿಟ್ಟು ಹೋಗುತ್ತದೆ. ಡೆಬಿಯನ್ 12ರಿಂದ ಫರ್ಮ್‌ವೇರ್ ಇನ್‌ಸ್ಟಾಲರ್‌ನಲ್ಲೇ ಬಂದದ್ದು ದೊಡ್ಡ ನಿರಾಳ. ರಿಯಲ್‌ಟೆಕ್ 8723ಬಿಇ ವೈಫೈ ಚಿಪ್ ಇರುವ ಲ್ಯಾಪ್‌ಟಾಪ್ ರೂಟರ್ ಪಕ್ಕದಲ್ಲಿದ್ದರೂ ಒಂದೇ ಗೆರೆ ತೋರಿಸಿದರೆ ಮಾಡ್‌ಪ್ರೋಬ್‌ನಲ್ಲಿ ಆಂಟ್_ಸೆಲ್ (ಆಂಟೆನಾ ಆಯ್ಕೆ) ಅನ್ನು 2 ಮಾಡಿ, ಆಗದಿದ್ದರೆ 1. ಬ್ರಾಡ್‌ಕಾಮ್ ಚಿಪ್ಪಿದ್ದರೆ ಫೋನಿನ ಯುಎಸ್‌ಬಿ ಟೆದರಿಂಗ್‌ನಿಂದ ಡ್ರೈವರ್ ಇಳಿಸಿಕೊಳ್ಳಿ.

ಗಡಿಯಾರ ಐದೂವರೆ ಗಂಟೆ ಹಿಂದೆ ಮುಂದೆ ಆಗುವುದಕ್ಕೆ ವಿಂಡೋಸ್ ರಿಜಿಸ್ಟ್ರಿಯಲ್ಲಿ ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ 1. ಎರಡು ಲಿನಕ್ಸ್‌ಗಳು ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಪಾರ್ಟಿಶನ್ ಹಂಚಿಕೊಳ್ಳುವುದು ಬೇಡ: ಎರಡನೇ ಇನ್‌ಸ್ಟಾಲರ್ ಅದನ್ನು ಫಾರ್ಮ್ಯಾಟ್ ಮಾಡಿ ಯುಯುಐಡಿ (ಗುರುತಿನ ಸಂಖ್ಯೆ) ಬದಲಾದರೆ ಮೊದಲನೆಯದು ಪ್ರತಿ ಸಲ ಒಂದೂವರೆ ನಿಮಿಷ ಕಾಯುತ್ತದೆ. ಎರಡಕ್ಕೂ ಸ್ವಾಪ್‌ಫೈಲ್.

ನನ್ನ ಹಂಚಿಕೆ ಹೆಚ್ಚುಕಡಿಮೆ ಹೀಗೆ: ಇಎಸ್‌ಪಿ 1 ಜಿಬಿ, ವಿಂಡೋಸ್ 105, ಮಿಂಟ್ 40, ಡೆಬಿಯನ್ 25, ಉಳಿದದ್ದೆಲ್ಲ ದತ್ತಾಂಶಕ್ಕೆ ಎನ್‌ಟಿಎಫ್‌ಎಸ್. ನಾನು ಹಾಕಿದಾಗ ಖರ್ಚು ಯಂತ್ರಕ್ಕೆ ಎಸ್‌ಎಸ್‌ಡಿ 1,700ರ ಆಸುಪಾಸು, ಬ್ಯಾಟರಿ 40, ಬೇಕಾದರೆ ವೈಫೈ ಡಾಂಗಲ್ 450 ಆಗುತ್ತಿತ್ತು. ಮೊದಲ ಯಂತ್ರಕ್ಕೆ ಎರಡು ದಿನ ಹಿಡಿದಿತ್ತು, ಈಗ ಎರಡೂಮುಕ್ಕಾಲು ಗಂಟೆ.

ನಡುವೆ ಒಂದು ಯಂತ್ರದಲ್ಲಿ ಲಿನಕ್ಸ್ ಅಲ್ಲದ ಇನ್ನೊಂದು ಓಎಸ್, ಫ್ರೀಬಿಎಸ್‌ಡಿ 14 ಕೂಡ ಸೇರಿಸಿ ನೋಡಿದೆ. ಅದರ ಆಟೋ ಜೆಡ್‌ಎಫ್‌ಎಸ್ (ಕಡತ ವ್ಯವಸ್ಥೆಯ ಒಂದು ಬಗೆ) ಇಡೀ ಡಿಸ್ಕ್ ಕೇಳುತ್ತದೆ, ಪಾರ್ಟಿಶನ್‌ನಲ್ಲಿ ಕೂರಿಸಲು ಯುಎಫ್‌ಎಸ್ ಆರಿಸಬೇಕು. ಲೋಡರ್ ಕಡತವನ್ನು ರೀಫೈಂಡ್‌ನಲ್ಲಿ ಕೈಯಾರೆ ನಮೂದಿಸಿದ ತಕ್ಷಣ ಎದ್ದಿತು. ವೈಫೈ ನಿಧಾನವಿದ್ದುದರಿಂದ ಅಷ್ಟಕ್ಕೇ ಬಿಟ್ಟೆ.

ಗ್ರಬ್ ಮೆನುವನ್ನೇ ಕನ್ನಡದಲ್ಲಿ ತರಲು ಇನ್ನೊಂದು ಪ್ರಯತ್ನ ಮಾಡಿದೆ. ಗ್ರಬ್-ಎಂಕೆಫಾಂಟ್‌ನಿಂದ ನೋಟೊ ಕನ್ನಡ ಅಕ್ಷರಗಳನ್ನು ಗ್ರಬ್ ಓದುವ ಪಿಎಫ್2 ಮಾದರಿಗೆ ಇಳಿಸಿದರೆ ಅಕ್ಷರ ಬರುತ್ತದೆ, ಒತ್ತಕ್ಷರ ಕೂಡುವುದಿಲ್ಲ. "ಲೆಕ್ಕ" ಎಂಬುದು ಬಿಡಿಬಿಡಿಯಾಗಿ ನಿಲ್ಲುತ್ತದೆ. ರೀಫೈಂಡ್‌ನಲ್ಲಿ ದಾರಿ ಸಿಕ್ಕಿತು: ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ "ಲೆಕ್ಕ", "ಮನೆ", "ದುರಸ್ತಿ" ಎಂದು ಬರೆದು 256 ಪಿಕ್ಸೆಲ್‌ನ ಪಿಎನ್‌ಜಿ ಮಾಡಿ ಪ್ರತಿ ನಮೂದಿನ ಐಕಾನ್ ಸಾಲಿಗೆ ಕೊಟ್ಟೆ. ರೀಫೈಂಡ್‌ನ ಸಂರಚನೆಯಲ್ಲಿ ಸ್ಕ್ಯಾನ್‌ಫಾರ್ ಮ್ಯಾನುಯಲ್ ಎಂದಿಟ್ಟರೆ ಆ ಮೂರು ಚಿತ್ರಗಳ ಹೊರತು ಪರದೆಯಲ್ಲಿ ಬೇರೆ ಓಎಸ್ ನಮೂದು ಕಾಣುವುದಿಲ್ಲ. ಓಎಸ್ ಎಂದರೇನೆಂದು ಗೊತ್ತಿಲ್ಲದ ಅಜ್ಜಿಯೂ ಈಗ "ಮನೆ" ಒತ್ತಿ ಮೊಮ್ಮಗಳಿಗೆ ವಿಡಿಯೋ ಕರೆ ಮಾಡುತ್ತಾರೆ.