ಒಂದು ಲೋಟ ಡಿಕಾಕ್ಷನ್, ನಾಲ್ಕು ಪಾಲು

ರಾತ್ರಿ ಪಾಳಿಯವರು ಹತ್ತು ಗಂಟೆಗೆ ಗಟ್ಟಿ ಕಾಫಿ ಕುಡಿದು ಕೂರುವ ಬದಲು ಅದನ್ನೇ ನಾಲ್ಕು ಪಾಲು ಮಾಡಿ ಕುಡಿದರೆ ಗಮನ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ನಾನು ಹೇಳಿದಾಗ ಜೊತೆಯವರು ನಂಬಲಿಲ್ಲ. ಈಗ ಐದು ಜನರ ಅಂಕಿ ಕೈಯಲ್ಲಿದೆ.

ಎಚ್ಚರ ಎಷ್ಟಿದೆ ಎಂದು ಅಳೆಯುವ ಪಿವಿಟಿ ಪರೀಕ್ಷೆ ಹೀಗೆ: ಹತ್ತು ನಿಮಿಷ, 2ರಿಂದ 10 ಸೆಕೆಂಡಿನೊಳಗೆ ಯಾವಾಗಲೋ ದೀಪ ಹತ್ತುತ್ತದೆ, ಕಂಡ ಕೂಡಲೇ ಗುಂಡಿ ಒತ್ತಬೇಕು. ಲ್ಯಾಪ್‌ಟಾಪ್‌ನಲ್ಲಿ ಮಾಡಿದ ಮೊದಲ ತಿಂಗಳ ಅಂಕಿಯೆಲ್ಲ ಎಸೆಯಬೇಕಾಯಿತು. 60 ಹರ್ಟ್ಸ್ ಪರದೆಯೇ 16 ಮಿಲಿಸೆಕೆಂಡಿನವರೆಗೆ ತಡಮಾಡುತ್ತದೆ, ವೈರ್‌ಲೆಸ್ ಮೌಸ್‌ನ ತಡ ಅದರ ಮೇಲೆ. ಮಿದುಳಿನ ಅಲೆ ಅಳೆಯುವ ತಲೆಪಟ್ಟಿಗೆ ಇಪ್ಪತ್ತು ಸಾವಿರದಷ್ಟು ಸುರಿದದ್ದೂ ದಂಡ. ರೆಪ್ಪೆ ಬಡಿದರೆ, ಹಲ್ಲು ಕಚ್ಚಿದರೆ ಸ್ನಾಯುವಿನ ಸಂಕೇತವೇ ತುಂಬಿಕೊಳ್ಳುತ್ತಿತ್ತು. ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆರ್ಡುಯಿನೊ ಎಂಬ, ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಬೋರ್ಡಿನ ನಕಲು, ಕೆಂಪು ಎಲ್‌ಇಡಿ, ಒಂದು ದಪ್ಪ ಗುಂಡಿ ತಂದೆ. ಎಲ್ಲ ಸೇರಿ ಒಂಬೈನೂರು ರೂಪಾಯಿ ಇರಬಹುದು. ಗುಂಡಿಯ ಲೋಹದ ಪಟ್ಟಿ ಪುಟಿದು ಒಂದು ಒತ್ತು ಎರಡಾಗಿ ದಾಖಲಾಗುತ್ತದೆ. ಮೊದಲ ಒತ್ತಿನ ನಂತರದ 20 ಮಿಲಿಸೆಕೆಂಡು ಕಣ್ಣು ಮುಚ್ಚಿಕೊಳ್ಳುವಂತೆ ಪ್ರೋಗ್ರಾಂ ಬರೆಯಿರಿ.

ಸರಾಸರಿ ನೋಡಿ ಮೋಸಹೋಗಬೇಡಿ. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ನಿದ್ದೆ ಬರಿಸುವ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಆಗ ಮನುಷ್ಯ ಉದ್ದಕ್ಕೂ ನಿಧಾನವಾಗುವುದಕ್ಕಿಂತ ನಡುನಡುವೆ ಕ್ಷಣಕಾಲ ಇಲ್ಲವಾಗುತ್ತಾನೆ. 500 ಮಿಲಿಸೆಕೆಂಡು ದಾಟಿದ ಒತ್ತುಗಳನ್ನೇ ಎಣಿಸಿ. ಕೆಫೀನ್ ಅಡೆನೊಸಿನ್ನನ್ನು ತೆಗೆಯುವುದಿಲ್ಲ, ಅದು ಕೂರಬೇಕಾದ ನರಕೋಶದ ಎ1, ಎ2ಎ ಗ್ರಾಹಕಗಳ (ರಿಸೆಪ್ಟರ್) ಮೇಲೆ ತಾನು ಕೂರುತ್ತದೆ ಅಷ್ಟೆ.

ಇನ್ನೊಂದು ಎಡವಟ್ಟು 'ಕಾಫಿ ಇಲ್ಲದ ದಿನ'ದ್ದು. ದಿನಾ ಕುಡಿಯುವವರಿಗೆ ಒಂದು ದಿನ ತಪ್ಪಿಸಿದರೆ ತಲೆನೋವು, ಮಂಕು. ಅಂಥವರ ಮೇಲೆ ಅಳೆದದ್ದು ಕಾಫಿಯ ಗುಣವಲ್ಲ, ಚಟ ಬಿಟ್ಟ ಸಂಕಟ. ಹತ್ತು ದಿನ ಪೂರ್ತಿ ಬಿಡಿಸಿ ಆಮೇಲೆ ಶುರುಮಾಡಿದೆ.

ಪುಡಿ ಶುದ್ಧ ಅರೇಬಿಕಾ ಇರಲಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ರೋಬಸ್ಟಾದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಅಂಗಡಿಯ ಮಿಶ್ರಣದಲ್ಲಿ ಲೆಕ್ಕ ಸಿಗುವುದಿಲ್ಲ. 12 ಗ್ರಾಂ ಪುಡಿಗೆ 90 ಮಿಲಿ ಬಿಸಿನೀರು ಹಾಕಿದರೆ 60 ಮಿಲಿ ಡಿಕಾಕ್ಷನ್ ಇಳಿಯುತ್ತದೆ, ಅದರಲ್ಲಿ ಸುಮಾರು 120 ಮಿಲಿಗ್ರಾಂ ಕೆಫೀನ್. 15 ಮಿಲಿಯಂತೆ ಹತ್ತಕ್ಕೆ, ಹನ್ನೊಂದೂಕಾಲಿಗೆ, ಹನ್ನೆರಡೂವರೆಗೆ, ಒಂದೂಮುಕ್ಕಾಲಿಗೆ. ಹೋಲಿಕೆಗೆ ಕೆಫೀನ್ ತೆಗೆದ ಕಾಫಿಯೂ ಇರುತ್ತದೆ; ಯಾವುದು ನಿಜ, ಯಾವುದು ಕೆಫೀನ್ ತೆಗೆದದ್ದು ಎಂದು ಕುಡಿಯುವವರಿಗೆ ತಿಳಿಯದಂತೆ ರುಚಿ ಸರಿಗೂಡಿಸಬೇಕು. ಆ ಹದ ಮಾತ್ರ ನನ್ನಲ್ಲೇ ಇರಲಿ.

ಒಂದೇ ಸಲ ಕುಡಿದ ರಾತ್ರಿಗಳಲ್ಲಿ ನಸುಕಿನ ಮೂರಕ್ಕೆ ಮಾಡಿದ ಪರೀಕ್ಷೆಯಲ್ಲಿ 500 ಮಿಲಿಸೆಕೆಂಡು ದಾಟಿದ ತಪ್ಪು ಹತ್ತು-ಹನ್ನೆರಡು. ಪಾಲು ಮಾಡಿದಾಗ ನಾಲ್ಕೈದು. ಐವರಲ್ಲಿ ಒಬ್ಬರಿಗೆ ಲಾಭ ಬೇಗ ಕರಗುತ್ತಿತ್ತು. ಅವರು ಸಿಗರೇಟು ಸೇದುವವರು, ಹೊಗೆಯಿಂದ ಯಕೃತ್ತು ಕೆಫೀನನ್ನು ಬೇಗ ಒಡೆಯುತ್ತದೆ.

ಪ್ರಮಾಣ ದುಪ್ಪಟ್ಟು ಮಾಡಿಯೂ ನೋಡಿದೆ. ಬೆರಳು ಚುರುಕಾಯಿತು, ಆದರೆ ದೀಪ ಹತ್ತುವ ಮೊದಲೇ ಒತ್ತುವವರು ಹೆಚ್ಚಿದರು. ಮಿದುಳನ್ನು ಎಚ್ಚರವಾಗಿಡುವ ನಾರ್‌ಅಡ್ರಿನಲಿನ್ ಹದಮೀರಿದರೆ ಗಮನ ಚೆದುರುತ್ತದೆ ಎನ್ನುವುದಕ್ಕೆ ಹೊಂದುವಂಥ ಫಲಿತ. ಟೀಯಲ್ಲಿರುವ ಥಿಯನಿನ್ ಎಂಬ ಅಮೈನೊ ಆಮ್ಲದ ಪ್ರಯೋಗ ಕೈಬಿಟ್ಟೆ, ಒಂದು ಕಪ್ಪಿನಲ್ಲಿ ಅದು ತೀರಾ ಕಡಿಮೆ. ಮಿಥೈಲ್‌ಫೆನಿಡೇಟ್ ಬಗ್ಗೆ ಕೇಳುವವರಿಗೆ: ಅದು ಗಮನದ ಕೊರತೆಗೆ ಕೊಡುವ, ವೈದ್ಯರ ಚೀಟಿಯ ಔಷಧ, ಇಂಥ ಆಟಕ್ಕಲ್ಲ.

ರಾತ್ರಿ ಎರಡು ಹೊಡೆದ ಮೇಲೆ ಐದನೇ ಪಾಲು ಕೊಡಬೇಡಿ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಬೆಳಗಿನ ಎಂಟಕ್ಕೆ ಮಲಗಿದವರ ನಿದ್ದೆ ಕೆಟ್ಟು, ಮರುರಾತ್ರಿಯ ಅಂಕಿ ಪೂರ್ತಿ ಹಾಳಾಗುತ್ತದೆ.