ದಪ್ಪ ಕನ್ನಡಕ ಒಡೆದ ದಿನಕ್ಕೊಂದು ಸೂಜಿ ತೂತು

ಈಗ ಕಣ್ಣಿನ ಪೊರೆ ತೆಗೆದಾಗ ಸಾಮಾನ್ಯವಾಗಿ ಆಗಲೇ ಕೃತಕ ಲೆನ್ಸ್ ಕೂರಿಸುತ್ತಾರೆ. ಹಿಂದೆ ಹಾಗಿರಲಿಲ್ಲ, ಪೊರೆ ಕಟ್ಟಿದ ಕಣ್ಣಿನ ಸ್ವಂತ ಲೆನ್ಸ್ ತೆಗೆದು ಹಾಗೇ ಬಿಡುತ್ತಿದ್ದರು. ಲೆನ್ಸೇ ಇಲ್ಲದ ಕಣ್ಣಿಗೆ ಪ್ಲಸ್ 10, 12 ಪವರಿನ ದಪ್ಪ ಗಾಜು ಹಾಕಿಕೊಂಡ ಅಜ್ಜ-ಅಜ್ಜಿಯರು ಉಡುಪಿ ಕಡೆಯ ಮನೆಗಳಲ್ಲಿ ಈಗಲೂ ಸಿಗಬಹುದು. ಆ ಕನ್ನಡಕ ಒಡೆದರೆ ಹೊಸದು ಬರುವವರೆಗೆ ಪೇಚಾಟ. ಅಷ್ಟು ದಿನಕ್ಕೆ ಒಂದು ಸೂಜಿ ತೂತು ಸಾಕಷ್ಟು ಕೆಲಸ ಮಾಡುತ್ತದೆ.

ಹಳೆಯ ಮದುವೆ ಕಾಗದದ ದಪ್ಪ ರಟ್ಟು ತೆಗೆದುಕೊಳ್ಳಿ. ಸೂಜಿಯಿಂದ ಚುಚ್ಚಿ, ತೂತನ್ನು ಸುಮಾರು 1 ಮಿಲಿಮೀಟರ್ ಅಗಲ ಮಾಡಿ. ಅಂಚಿನಲ್ಲಿ ಎದ್ದ ನಾರು ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಅದೇ ಅಡ್ಡ ಬರುತ್ತದೆ. ಕಣ್ಣಿನ ಕಡೆಯ ಮೈಗೆ ಕಪ್ಪು ಮಾರ್ಕರ್ ಬಳಿಯಿರಿ. ಒಂದು ಕಣ್ಣು ಮುಚ್ಚಿ, ರಟ್ಟನ್ನು ಇನ್ನೊಂದಕ್ಕೆ ಆದಷ್ಟು ಹತ್ತಿರ ಹಿಡಿದು ನೋಡಿ. ಒಂದೇ ತೂತು ಸಾಕು. ಒತ್ತೊತ್ತಾಗಿ ಹಲವು ಚುಚ್ಚಿದರೆ ಅಕ್ಷರ ಎರಡೆರಡಾಗಿ ಕಾಣುತ್ತದೆ.

ಇದರಲ್ಲಿ ಮಾಯೆ ಏನಿಲ್ಲ. ಒಂದು ಚುಕ್ಕಿಯಿಂದ ಹೊರಟ ಬೆಳಕು ಪಾಪೆಯ, ಅಂದರೆ ಕಣ್ಣಿನ ನಡುವಿನ ಕಪ್ಪು ತೂತಿನ, ಅಗಲಕ್ಕೆ ತಕ್ಕಂತೆ ಒಳಗೆ ಹರಡಿ ಮಸುಕಾಗುತ್ತದೆ. ಪಾಪೆ 4 ಮಿಲಿಮೀಟರ್ ತೆರೆದಿದೆ ಎಂದುಕೊಳ್ಳಿ. 1 ಮಿಲಿಮೀಟರ್ ತೂತಿಟ್ಟರೆ ಆ ಮಸುಕು ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ 12 ಪವರ್ ಬೇಕಾದ ಕಣ್ಣು, 3 ಪವರಿನವರು ಕನ್ನಡಕ ತೆಗೆದಾಗ ನೋಡುವ ಹಾಗೆ ನೋಡುತ್ತದೆ. ಎದುರಿಗಿರುವವರ ಗುರುತು ಸಿಗಬಹುದು, ಹತ್ತಿರ ಬಂದ ಬಸ್ಸಿನ ದೊಡ್ಡ ಬೋರ್ಡೂ ಓದಬಹುದು. ಸಣ್ಣಕ್ಷರ ಮಾತ್ರ ಕಷ್ಟ. ಹಾಗಂತ ತೂತನ್ನು ಇನ್ನೂ ಕಿರಿದು ಮಾಡಿ ಪ್ರಯೋಜನವಿಲ್ಲ, ಬೆಳಕೇ ಸಾಲುವುದಿಲ್ಲ. 1 ಮಿಲಿಮೀಟರಿನಲ್ಲೇ ಹದಿನಾರರಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಹೋಗುವುದು. ಆಟಿ ತಿಂಗಳ ಮಳೆಗತ್ತಲಲ್ಲಿ ಲೈಟ್ ಹಾಕದೆ ಇದನ್ನು ಹಿಡಿದರೆ ಏನೂ ಕಾಣದು.

ನನ್ನ ಲೆಕ್ಕದಲ್ಲಿ ಇದರ ನಿಜವಾದ ಉಪಯೋಗ ಕನ್ನಡಕ ಸರಿ ಇರುವಾಗಲೇ. ಲೆನ್ಸ್ ಇಲ್ಲದ ಕಣ್ಣು ದೂರ-ಹತ್ತಿರಕ್ಕೆ ತಾನಾಗಿ ಹೊಂದಿಕೊಳ್ಳುವುದಿಲ್ಲ, ಓದಲು ಬೇರೆ ಗಾಜು ಬೇಕು. ಅದು ಕೈಗೆ ಸಿಗದಾಗ ದೂರದ ಕನ್ನಡಕದ ಮುಂದೆಯೇ ರಟ್ಟು ಹಿಡಿಯಿರಿ, ಪುಟದ ಮೇಲೆ ಜೋರು ಬೆಳಕು ಬೀಳಲಿ. ಮಾತ್ರೆಯ ಚೀಟಿಯ ಸಣ್ಣಕ್ಷರವೂ ಎಷ್ಟೋ ಸ್ಪಷ್ಟವಾಗುತ್ತದೆ.

ರಟ್ಟು ಹಿಡಿದು ನಡೆಯಬೇಡಿ, ಗಾಡಿಯಂತೂ ಬೇಡವೇ ಬೇಡ. ಅಕ್ಕಪಕ್ಕ ಏನೂ ಕಾಣುವುದಿಲ್ಲ ಅಲ್ವಾ? ಸೂರ್ಯನನ್ನು ಇದರಲ್ಲಿ ನೋಡಲೇಬೇಡಿ. ಮಲ್ಪೆಯ ಮರಳಿನ ಬಿಸಿಲಿಗೆ ಹೋಗುವಾಗ ಅತಿನೇರಳೆ ಕಿರಣ ತಡೆಯುವ ಗಾಜು ಇರಲಿ. ಆ ಕಿರಣವನ್ನು ಬಹುಪಾಲು ತಡೆಯುತ್ತಿದ್ದ ಲೆನ್ಸ್ ಈಗ ಕಣ್ಣಿನಲ್ಲಿಲ್ಲ.

ತೂತಿನಲ್ಲಿ ನೋಡಿದರೂ ಸ್ವಲ್ಪವೂ ಸ್ಪಷ್ಟವಾಗದಿದ್ದರೆ ತೊಂದರೆ ಪವರಿನದ್ದಲ್ಲದೇ ಇರಬಹುದು, ಡಾಕ್ಟರಿಗೆ ತೋರಿಸಿ. ಮಿಂಚು ಹೊಡೆದಂತಾದರೆ, ಕಪ್ಪು ಪರದೆ ಇಳಿದಂತೆ ಕಂಡರೆ ಕಣ್ಣಿನ ಒಳಗೆ ಹಿಂಭಾಗದಲ್ಲಿರುವ ರೆಟಿನಾ ಪದರ ಕಿತ್ತು ಬರುತ್ತಿರಬಹುದು. ಆಗ ನಾಳೆಗೆ ಕಾಯದೆ ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಿ.