ಹ್ಯಾಮಿಲ್ಟನ್‌ನಲ್ಲಿ ದಿಕ್ಕು ತಪ್ಪದೆ ಓಡಾಡುವುದು ಹೇಗೆ

ಕೆನಡಾದ ಟೊರೊಂಟೊದಲ್ಲಿ ಸ್ವಲ್ಪ ದಿನ ಇದ್ದು ಹ್ಯಾಮಿಲ್ಟನ್‌ಗೆ ಬರುತ್ತಿದ್ದೀರಾ? ಮೊದಲು ದಿಕ್ಕು ಸರಿಮಾಡಿಕೊಳ್ಳಿ. ಟೊರೊಂಟೊದಲ್ಲಿ ಒಂಟಾರಿಯೊ ಸರೋವರ ಊರಿನ ದಕ್ಷಿಣಕ್ಕಿದೆ. ನಮ್ಮೂರು ಅದೇ ಸರೋವರದ ಪಶ್ಚಿಮ ತುದಿಯಲ್ಲಿದ್ದರೂ ಇಲ್ಲಿ ನೀರು ಇರುವುದು ಉತ್ತರಕ್ಕೆ. ದಕ್ಷಿಣಕ್ಕೆ ನಯಾಗರಾ ಎಸ್ಕಾರ್ಪ್‌ಮೆಂಟ್, ಸುಮಾರು 100 ಮೀಟರ್ ಎತ್ತರದ ಕಲ್ಲಿನ ಅಂಚು. ಇಲ್ಲಿಯವರಿಗೆ ಅದು ‘ಮೌಂಟನ್’. ಹತ್ತಿ ನೋಡಿದರೆ ಶಿಖರವೇನೂ ಇಲ್ಲ, ಸಮತಟ್ಟು ನೆಲ, ಮನೆಗಳು, ಮಾಲ್‌ಗಳು. ನಾನಿರುವುದೂ ಅಲ್ಲೇ. ಕೆಳಗೆ ಎಲ್ಲಿ ನಿಂತರೂ ಮೌಂಟನ್ ಕಡೆ ಮುಖ ಮಾಡಿ, ಅದೇ ದಕ್ಷಿಣ. ಫೋನ್ ಬ್ಯಾಟರಿ ಸತ್ತರೂ ಚಿಂತೆಯಿಲ್ಲ.

ಬಾಡಿಗೆ ಮನೆ ಹುಡುಕುವಾಗ ವಿಳಾಸ ಸರಿಯಾಗಿ ಓದಿ. ಜೇಮ್ಸ್ ಸ್ಟ್ರೀಟ್ ಕೆಳಗಿದೆ, ಅಪ್ಪರ್ ಜೇಮ್ಸ್ ಮೇಲಿದೆ. ವೆಂಟ್‌ವರ್ತ್, ವೆಲಿಂಗ್ಟನ್‌ಗೂ ಹೀಗೆಯೇ. ನಕ್ಷೆಯಲ್ಲಿ ಎರಡೂ ಪಕ್ಕಪಕ್ಕ ಕಾಣುತ್ತವೆ. ಆದರೆ ನಡುವೆ ಆ ಅಂಚು ಇದೆಯಲ್ಲ! ಜಾಲಿ ಕಟ್, ಕ್ಲೇರ್‌ಮಾಂಟ್ ಆಕ್ಸೆಸ್‌ನಂಥ ಕೆಲವೇ ರಸ್ತೆಗಳು ಮೇಲೆ ಹತ್ತುತ್ತವೆ. ನಡೆದು ಹೋಗುವವರಿಗೆ ಮೆಟ್ಟಿಲುಗಳಿವೆ. ವೆಂಟ್‌ವರ್ತ್ ಹತ್ತಿರದ್ದರಲ್ಲಿ 498 ಮೆಟ್ಟಿಲು. ವ್ಯಾಯಾಮಕ್ಕೆ ಸರಿ, ತರಕಾರಿ ಚೀಲ ಹಿಡಿದು ಬೇಡ.

ಊರೊಳಗಿನ ಬಸ್‌ಗೆ ಎಚ್‌ಎಸ್‌ಆರ್ ಅನ್ನುತ್ತಾರೆ. ಪೂರ್ತಿ ಹೆಸರು ಹ್ಯಾಮಿಲ್ಟನ್ ಸ್ಟ್ರೀಟ್ ರೈಲ್ವೆ. ಟ್ರಾಮ್ ನಿಂತು ದಶಕಗಳಾದವು, ಹೆಸರು ಮಾತ್ರ ಉಳಿದಿದೆ. ಟಿಕೆಟ್ ಬದಲು ಮುಟ್ಟಿಸುವ ಪ್ರೆಸ್ಟೊ ಕಾರ್ಡ್ ಮೊದಲೇ ಮಾಡಿಸಿಕೊಳ್ಳಿ, ಟೊರೊಂಟೊ ಮತ್ತು ಸುತ್ತಲಿನ ಊರುಗಳ ನಡುವೆ ಓಡುವ ಗೋ ರೈಲು, ಗೋ ಬಸ್ಸಿಗೂ ಅದೇ ನಡೆಯುತ್ತದೆ. ಡೌನ್‌ಟೌನ್‌ನಿಂದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯಕ್ಕೆ ಹೋಗಲು ಕಿಂಗ್ ಸ್ಟ್ರೀಟ್‌ನಲ್ಲಿ ಬಸ್ ಹತ್ತಿ. ವಾಪಸ್ ಬರುವ ಬಸ್ ಮೇನ್ ಸ್ಟ್ರೀಟ್‌ನಲ್ಲಿ ಬರುತ್ತದೆ. ಈ ರಸ್ತೆಗಳು ಬಹಳ ಕಾಲದಿಂದ ಒನ್‌ವೇ, ಅದಕ್ಕೇ ಹೀಗೆ.

ಹೊಸಬರು ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಗೋ ನಿಲ್ದಾಣಗಳಲ್ಲಿ, ಏಕೆಂದರೆ ಎರಡಿವೆ. ಹಂಟರ್ ಸ್ಟ್ರೀಟ್‌ನ ಹ್ಯಾಮಿಲ್ಟನ್ ಗೋ ಸೆಂಟರ್ 1933ರ ಹಳೇ ಕಟ್ಟಡ, ನೋಡಲು ಬಲು ಚೆಂದ. 2015ರಲ್ಲಿ ತೆರೆದ ವೆಸ್ಟ್ ಹಾರ್ಬರ್ ಜೇಮ್ಸ್ ಸ್ಟ್ರೀಟ್‌ನ ಉತ್ತರ ಭಾಗದಲ್ಲಿದೆ. ಎರಡೂ ಬೇರೆ ಬೇರೆ ಕಂಪನಿಗಳ ಹಳಿ ಮೇಲಿರುವುದರಿಂದ ಒಂದೇ ರೈಲು ಎರಡೂ ಕಡೆ ನಿಲ್ಲುವುದಿಲ್ಲ. ಭಾನುವಾರ ಟೊರೊಂಟೊಗೆ ರೈಲು ಬೇಕಾದರೆ ವೆಸ್ಟ್ ಹಾರ್ಬರ್‌ಗೆ ಹೋಗಿ. ಹಂಟರ್‌ನಿಂದ 16ನೇ ನಂಬರ್ ಗೋ ಬಸ್ ಟೊರೊಂಟೊದ ಯೂನಿಯನ್ ನಿಲ್ದಾಣಕ್ಕೆ ಹೋಗುತ್ತದೆ. ನನ್ನ ಓಟು ಬಸ್ಸಿಗೇ, ಹೆದ್ದಾರಿಯಲ್ಲಿ ಟ್ರಾಫಿಕ್ ಇಲ್ಲದ ಹೊತ್ತಿನಲ್ಲಿ ಮಾತ್ರ.

ಕಾರಿನವರು ಟೊರೊಂಟೊ ಕಡೆಗೆ 403 ಹೆದ್ದಾರಿ ಹಿಡಿಯಬಹುದು. ಊರಿನ ಪೂರ್ವದಲ್ಲಿದ್ದರೆ ಕ್ಯೂಇಡಬ್ಲ್ಯೂ (ಕ್ವೀನ್ ಎಲಿಜಬೆತ್ ವೇ) ಹೆದ್ದಾರಿ ಹತ್ತಿರ. ಅದು ಬಂದರನ್ನೂ ಸರೋವರವನ್ನೂ ಬೇರೆ ಮಾಡುವ ಮರಳುದಿಬ್ಬದ ಮೇಲೆ, ಸ್ಕೈವೇ ಸೇತುವೆಯಲ್ಲಿ ಹಾದುಹೋಗುತ್ತದೆ. ಜೋರು ಗಾಳಿಯ ದಿನ ಸೇತುವೆ ಮುಚ್ಚುವುದುಂಟು, ಹೊರಡುವ ಮುಂಚೆ ನೋಡಿಕೊಳ್ಳಿ.

ವಿಮಾನದ ಟಿಕೆಟ್ ತೆಗೆಯುವಾಗ ಒಂದು ಮಾತು. ಮೌಂಟ್ ಹೋಪ್‌ನಲ್ಲಿ ನಮ್ಮದೇ ವಿಮಾನ ನಿಲ್ದಾಣ ಇದೆ, ಆದರೆ ಅಲ್ಲಿ ಸರಕಿನ ವಿಮಾನಗಳದ್ದೇ ದರ್ಬಾರು. ಭಾರತದಿಂದ ಬರುವವರು ಟೊರೊಂಟೊ ಪಿಯರ್ಸನ್‌ಗೇ ಬುಕ್ ಮಾಡಿ. ಅಲ್ಲಿ ಟರ್ಮಿನಲ್ 1ರಿಂದ 40ನೇ ನಂಬರ್ ಗೋ ಬಸ್ ನೇರವಾಗಿ ಹಂಟರ್ ಸ್ಟ್ರೀಟ್‌ಗೆ ತಂದು ಬಿಡುತ್ತದೆ. ಹತ್ತುವ ಮುಂಚೆ ಬೋರ್ಡ್ ನೋಡಿ, ಅದೇ ನಂಬರ್ ರಿಚ್‌ಮಂಡ್ ಹಿಲ್ ಕಡೆಗೂ ಹೋಗುತ್ತದೆ.